ಉಪ್ಪಿನ ಹರಳಿನೊಳಗೆ ನೆರೆಹೊರೆ ಎಣಿಸಿದ ಬ್ರ್ಯಾಗ್

ಪುಡಿ ಉಪ್ಪಿನ ಒಂದು ಕಣವನ್ನು ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಘನಾಕೃತಿಯೊಂದು ಕಾಣಿಸುತ್ತದೆ. ಅದರೊಳಗೆ ಪರಮಾಣುಗಳು ಹೇಗೆ ಜೋಡಣೆಗೊಂಡಿವೆ, ಒಂದೊಂದು ಪರಮಾಣುವಿಗೂ ಎಷ್ಟು ಸಮೀಪದ ನೆರೆಯವರಿದ್ದಾರೆ ಎಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದವರು ವಿಲಿಯಂ ಲಾರೆನ್ಸ್ ಬ್ರ್ಯಾಗ್. 1913ರಲ್ಲಿ ಈ ಕಾರ್ಯ ಕೈಗೂಡಿದಾಗ ಅವರ ವಯಸ್ಸು ಕೇವಲ 23. ಅವರ ಎಣಿಕೆ ರಸಾಯನ ವಿಜ್ಞಾನದ ಬಲವಾದ ನಂಬಿಕೆಯೊಂದನ್ನೇ ಅಲುಗಾಡಿಸಿತು.

ಬ್ರ್ಯಾಗ್ ಹುಟ್ಟಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, 1890ರ ಮಾರ್ಚ್ 31ರಂದು. ತಂದೆ ವಿಲಿಯಂ ಹೆನ್ರಿ ಬ್ರ್ಯಾಗ್ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಬಾಲಕ ಲಾರೆನ್ಸ್ ಮೂರು ಗಾಲಿಯ ಸೈಕಲ್‌ನಿಂದ ಬಿದ್ದು ಮೊಣಕೈ ಮುರಿದುಕೊಂಡಾಗ, ಆಗಷ್ಟೇ ಬೆಳಕಿಗೆ ಬಂದಿದ್ದ ಕ್ಷ-ಕಿರಣಗಳಿಂದ ತಂದೆಯೇ ಮೂಳೆಯನ್ನು ಪರೀಕ್ಷಿಸಿದರು. ಮುಂದೆ ಅವರ ಬದುಕನ್ನು ರೂಪಿಸಿದ್ದೂ ಅದೇ ಕಿರಣ. 1909ರಲ್ಲಿ ಕುಟುಂಬ ಇಂಗ್ಲೆಂಡಿಗೆ ತೆರಳಿತು. ತಂದೆ ಲೀಡ್ಸ್ ವಿಶ್ವವಿದ್ಯಾಲಯ ಸೇರಿದರೆ, ಮಗ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದರು.

1912ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವ್ ಹಾಗೂ ಸಂಗಡಿಗರು ಸತುವಿನ ಸಲ್ಫೈಡ್ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದಾಗ ಛಾಯಾಫಲಕದ ಮೇಲೆ ಚುಕ್ಕೆಗಳ ವಿನ್ಯಾಸ ಮೂಡಿತು. ಲಾವ್ ನೀಡಿದ ವಿವರಣೆ ಎಲ್ಲ ಚುಕ್ಕೆಗಳಿಗೂ ಹೊಂದಲಿಲ್ಲ. ಹರಳಿನಲ್ಲಿರುವ ಪರಮಾಣು ಪದರಗಳು ಕನ್ನಡಿಗಳಂತೆ ಕಿರಣವನ್ನು ಪ್ರತಿಫಲಿಸುತ್ತವೆ ಎಂಬುದು ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಆರಂಭಿಸಿದ್ದ ಬ್ರ್ಯಾಗ್ ಅವರಿಗೆ ಹೊಳೆಯಿತು. ಆ ಹರಳು ಸರಳ ಘನವಲ್ಲ, ಮೂಲೆಗಳ ಜೊತೆಗೆ ಮುಖಗಳ ನಡುವೆಯೂ ಪರಮಾಣುಗಳಿರುವ ಜಾಲ ಎಂದು ಅವರು ಗುರುತಿಸಿದರು. ಪದರಗಳ ಅಂತರ, ಕಿರಣದ ಕೋನ ಹಾಗೂ ತರಂಗದೂರದ ಸಂಬಂಧ ತಿಳಿಸುವ ಸೂತ್ರ ಇಂದು ಬ್ರ್ಯಾಗ್ ನಿಯಮವೆಂದೇ ಪ್ರಸಿದ್ಧ.

ನಂತರದ ಸರದಿ ಉಪ್ಪಿನದು. ಪೊಟ್ಯಾಸಿಯಂ ಕ್ಲೋರೈಡ್‌ನ ಎರಡೂ ಬಗೆಯ ಪರಮಾಣುಗಳು ಕಿರಣವನ್ನು ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಅದು ಸರಳ ಘನದಂತೆ ತೋರಿತು. ಸೋಡಿಯಂ ಹಾಗೂ ಕ್ಲೋರಿನ್‌ಗಳ ನಡುವಿನ ವ್ಯತ್ಯಾಸ ದೊಡ್ಡದು. ಹೀಗಾಗಿ ಅಡುಗೆ ಉಪ್ಪಿನ ಚುಕ್ಕೆಗಳಲ್ಲಿ ನಿಜವಾದ ರಚನೆ ಬಯಲಾಯಿತು.

ಘನದ ನಟ್ಟನಡುವೆ ಒಂದು ಸೋಡಿಯಂ ಇದೆ ಎನ್ನೋಣ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ಹೀಗೆ ಆರು ಮುಖಗಳ ಮಧ್ಯದಲ್ಲಿ ಆರು ಕ್ಲೋರಿನ್‌ಗಳಿವೆ. ಆದ್ದರಿಂದ ಸೋಡಿಯಂನ ಕೋಆರ್ಡಿನೇಷನ್ ಸಂಖ್ಯೆ, ಅಂದರೆ ಅತಿ ಸಮೀಪದ ನೆರೆಯವರ ಸಂಖ್ಯೆ 6. ಘನದ ಎಂಟು ಮೂಲೆಗಳಲ್ಲೂ ಕ್ಲೋರಿನ್ ಇದೆ. ಮೂಲೆಯ ಪರಮಾಣುವನ್ನು ಎಂಟು ಘನಗಳು, ಮುಖದ ಪರಮಾಣುವನ್ನು ಎರಡು ಘನಗಳು ಹಂಚಿಕೊಳ್ಳುವುದರಿಂದ ಒಂದು ಘನದ ಪಾಲಿಗೆ ನಾಲ್ಕು ಕ್ಲೋರಿನ್ ಬರುತ್ತದೆ. ಹನ್ನೆರಡು ಅಂಚುಗಳ ನಡುವೆ ಸೋಡಿಯಂ ಇದ್ದು, ಪ್ರತಿಯೊಂದನ್ನೂ ನಾಲ್ಕು ಘನಗಳು ಹಂಚಿಕೊಳ್ಳುತ್ತವೆ. ನಟ್ಟನಡುವಿನದನ್ನು ಸೇರಿಸಿದರೆ ಸೋಡಿಯಂ ಸಹ ನಾಲ್ಕು. ಪ್ರಮಾಣ ಸಮವಾದರೂ ಯಾವ ಸೋಡಿಯಂ ಕೂಡ ಒಂದೇ ಕ್ಲೋರಿನ್‌ಗೆ ಜೋಡಿಯಲ್ಲ. ಅಂದರೆ ಹರಳಿನಲ್ಲಿ ಉಪ್ಪಿನ ಅಣು ಎಂಬುದೇ ಇಲ್ಲ.

ವಜ್ರದಲ್ಲಿ ಪ್ರತಿ ಇಂಗಾಲಕ್ಕೆ 4 ನೆರೆಯವರೆಂಬುದನ್ನು 1913ರಲ್ಲೇ ತಂದೆ-ಮಗ ಕೂಡಿ ತೋರಿಸಿದರು. ಫ್ಲೋರೈಟ್ ಖನಿಜದ ಕ್ಯಾಲ್ಸಿಯಂಗೆ 8, ತಾಮ್ರದ ಪರಮಾಣುವಿಗೆ 12 ಎಂಬ ಲೆಕ್ಕಗಳೂ ಇದೇ ಮಾರ್ಗದಲ್ಲಿ ದೊರೆತವು.

ಎಲ್ಲರೂ ಇದನ್ನು ಒಪ್ಪಲಿಲ್ಲ. 1927ರಷ್ಟು ತಡವಾಗಿಯೂ ಹಿರಿಯ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ನೇಚರ್ ಪತ್ರಿಕೆಗೆ ಪತ್ರ ಬರೆದು ಈ ರಚನೆಯನ್ನು ಕಟುವಾಗಿ ಹಂಗಿಸಿದರು. ಇನ್ನೊಂದೆಡೆ, ಹಲವರು ಸಾಧನೆಯ ಕೀರ್ತಿಯನ್ನು ತಂದೆಗೇ ಸಲ್ಲಿಸುತ್ತಿದ್ದುದು ಮಗನ ಮನಸ್ಸನ್ನು ಬಹುಕಾಲ ಕಾಡಿತು.

1915ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ತಂದೆ-ಮಗನಿಗೆ ಒಟ್ಟಾಗಿ ಸಂದಿತು. 25ರ ಹರೆಯದ ಲಾರೆನ್ಸ್ ಆಗ ಮಹಾಯುದ್ಧದ ರಣರಂಗದಲ್ಲಿದ್ದರು. ಶತ್ರು ಫಿರಂಗಿಗಳ ನೆಲೆಯನ್ನು ಸದ್ದಿನಿಂದ ಪತ್ತೆ ಹಚ್ಚುವುದು ಅವರ ಹೊಣೆ. ಸಂಭ್ರಮಕ್ಕೆ ಮಾತ್ರ ಎಡೆಯಿರಲಿಲ್ಲ. ಕೆಲವೇ ವಾರಗಳ ಹಿಂದೆ ತಮ್ಮ ರಾಬರ್ಟ್ ಗ್ಯಾಲಿಪೊಲಿ ಕದನದಲ್ಲಿ ಮೃತಪಟ್ಟಿದ್ದರು.

ಯುದ್ಧಾನಂತರ ಮ್ಯಾಂಚೆಸ್ಟರ್‌ನಲ್ಲಿ ಅವರು ಕೈಗೊಂಡ ಸಿಲಿಕೇಟ್ ಅಧ್ಯಯನ, ಸಿಲಿಕಾನ್ ತನ್ನ ಸುತ್ತ ನಾಲ್ಕು ಆಮ್ಲಜನಕಗಳನ್ನು ಇರಿಸಿಕೊಳ್ಳುವ ಪರಿಯನ್ನು ತೆರೆದಿಟ್ಟು ಖನಿಜಗಳ ವರ್ಗೀಕರಣಕ್ಕೆ ನೆರವಾಯಿತು. 1938ರಲ್ಲಿ ಅವರು ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ಮುಖ್ಯಸ್ಥರಾದರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆ ಕಂಡುಕೊಂಡದ್ದು ಅವರ ಅವಧಿಯಲ್ಲೇ.

1971ರ ಜುಲೈ 1ರಂದು ಬ್ರ್ಯಾಗ್ ನಿಧನರಾದರು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಅತಿ ಕಿರಿಯರೆಂಬ ಅವರ ದಾಖಲೆ ಇಂದಿಗೂ ಅಳಿದಿಲ್ಲ. ಹೊಸ ಲೋಹವಿರಲಿ, ಔಷಧವಿರಲಿ, ಅದರ ಹರಳಿನ ಒಳರಚನೆಯನ್ನು ಅರಿಯಲು ಪ್ರಯೋಗಾಲಯಗಳು ಇಂದಿಗೂ ನೆಚ್ಚಿಕೊಂಡಿರುವುದು ಆ 1912ರ ಸೂತ್ರವನ್ನೇ.