ಸುಟ್ಟ ಕೈಯ ಕಲಾವಿದ

ಕಲಾವಿದನ ಕೀರ್ತಿಯನ್ನು ಬಲ್ಲವರು ಅನೇಕರು. ಅದರ ಹಿಂದಿರುವ ಶ್ರಮವನ್ನು ಬಲ್ಲವರು ವಿರಳ. ಈ ಮಾತಿಗೆ ಹೆಂಡ್ರಿಕ್ ಗೋಲ್ಟ್ಸಿಯಸನ ಬಾಳು ಉತ್ತಮ ನಿದರ್ಶನ.

ಇಂದು ಜರ್ಮನಿಗೆ ಸೇರಿರುವ ಬ್ರಾಖ್ಟ್ ಎಂಬ ಊರಿನಲ್ಲಿ 1558ರಲ್ಲಿ ಅವನು ಜನಿಸಿದನು. ತಂದೆ ಗಾಜಿನ ಮೇಲೆ ಚಿತ್ರ ಬರೆಯುವ ಕಸುಬಿನವನು. ಹೆಂಡ್ರಿಕ್ ಹಸುಳೆಯಾಗಿದ್ದಾಗ ಬೆಂಕಿಗೆ ಬಿದ್ದು ಕೈಗಳು ಸುಟ್ಟುಹೋದವು. ಬಲಗೈ ಮುರುಟಿತು, ಅದನ್ನು ಪೂರ್ಣವಾಗಿ ಬಿಚ್ಚಲು ಜೀವಮಾನವಿಡೀ ಅವನಿಗೆ ಸಾಧ್ಯವಾಗಲಿಲ್ಲ. ಅಂಥವನು ಆರಿಸಿಕೊಂಡದ್ದು ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕಠಿಣ ವಿದ್ಯೆಯನ್ನು. ಕೂರ್ನ್‌ಹರ್ಟ್ ಎಂಬ ಗುರುವಿನ ಬಳಿ ಅದನ್ನು ಕಲಿತು, 1577ರಲ್ಲಿ ಹಾಲೆಂಡಿನ ಹಾರ್ಲೆಮ್ ನಗರಕ್ಕೆ ಬಂದು ನೆಲೆಸಿದನು.

ಈ ವಿದ್ಯೆಯಲ್ಲಿ ಉಕ್ಕಿನ ಉಳಿಯ ಹಿಡಿಯನ್ನು ಅಂಗೈಗೆ ಒತ್ತಿ ಹಿಡಿದು, ತೋಳಿನ ಬಲದಿಂದ ಮುಂದಕ್ಕೆ ನೂಕಬೇಕು. ಆಳವಾಗಿ ಕೊರೆದರೆ ಗೆರೆ ದಪ್ಪವಾಗುತ್ತದೆ. ಹಗುರವಾಗಿ ಕೊರೆದರೆ ಕೂದಲೆಳೆಯಂತೆ ತೆಳುವಾಗುತ್ತದೆ. ಕೊರೆದ ಗೆರೆಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ ಮೂಡುತ್ತದೆ. ಉಬ್ಬಿ ಇಳಿಯುವ ಗೆರೆಗಳಿಂದಲೇ ಮಾಂಸಖಂಡಗಳ ಏರಿಳಿತವನ್ನು ತೋರಿಸುವುದರಲ್ಲಿ ಗೋಲ್ಟ್ಸಿಯಸನು ಅದ್ವಿತೀಯನಾದನು. 1582ರಲ್ಲಿ ಸ್ವಂತ ಮುದ್ರಣಶಾಲೆಯನ್ನು ತೆರೆದನು. 1588ರಲ್ಲಿ ತನ್ನ ಮುರುಟಿದ ಬಲಗೈಯನ್ನೇ ಲೇಖನಿಯಿಂದ ಚಿತ್ರಿಸಿದನು. ಅದರ ಊನವನ್ನು ಅವನು ಮರೆಮಾಡಲಿಲ್ಲ.

ಕೀರ್ತಿಯೊಡನೆ ಕ್ಷಯರೋಗವೂ ಬಂದಿತು. ಆದರೂ 1590ರಲ್ಲಿ ಅವನು ಇಟಲಿಗೆ ಹೊರಟನು. ಆಗ ರೋಮ್ ಕ್ಷಾಮದಿಂದ ತತ್ತರಿಸುತ್ತಿತ್ತು. ಅಂಥ ಸ್ಥಿತಿಯಲ್ಲಿಯೂ ಅವನು ಪ್ರಾಚೀನ ಶಿಲ್ಪಗಳ ಮುಂದೆ ಕುಳಿತು ಅವುಗಳನ್ನು ಚಿತ್ರಿಸಿಕೊಂಡನು. ಫರ್ನೀಸ್ ಅರಮನೆಯಲ್ಲಿದ್ದ, ಹತ್ತು ಅಡಿಗೂ ಎತ್ತರವಾದ ಹರ್ಕ್ಯುಲಿಸನ ಪ್ರತಿಮೆ ಅವುಗಳಲ್ಲೊಂದು.

ಗ್ರೀಕ್ ಪುರಾಣದ ಈ ಮಹಾವೀರನು ಆಕಾಶವನ್ನು ಹೊತ್ತ ಅಟ್ಲಾಸನ ಭಾರವನ್ನು ತಾನು ಹೊತ್ತು, ಅವನ ಮೂಲಕ ಚಿನ್ನದ ಸೇಬುಗಳನ್ನು ತರಿಸಿಕೊಂಡನೆಂಬುದು ಕಥೆ. 1592ರ ಸುಮಾರಿಗೆ ಗೋಲ್ಟ್ಸಿಯಸನು ಈ ಪ್ರತಿಮೆಯನ್ನು ತಾಮ್ರದಲ್ಲಿ ಕೊರೆದಾಗ ವೀರನ ಮುಖವನ್ನು ತೋರಿಸಲಿಲ್ಲ, ಬೆನ್ನನ್ನು ತೋರಿಸಿದನು. ಚಿತ್ರದ ಕೆಳಗೆ ಒಂದು ಬದಿಯಲ್ಲಿ ಇಬ್ಬರು ನಿಂತು ತಲೆಯೆತ್ತಿ ನೋಡುತ್ತಿದ್ದಾರೆ. ಅವರಿಗೆ ಕಾಣುವುದು ವೀರನ ಮುಂಭಾಗ. ನಮಗೆ ಕಾಣುವುದು ಗದೆಗೆ ಒರಗಿದ ದಣಿದ ದೇಹ, ಬೆನ್ನ ಹಿಂದಿನ ಕೈಯಲ್ಲಿ ಅಡಗಿದ ಸೇಬುಗಳು. ಸಾಹಸದ ಫಲವೂ ಅದಕ್ಕೆ ತೆತ್ತ ಬೆಲೆಯೂ ಒಂದೇ ಕಡೆಯಲ್ಲಿವೆ. ಎದುರಿನಿಂದ ನೋಡಿ ಬೆರಗಾಗುವವರಿಗೆ ಎರಡೂ ಪೂರ್ಣವಾಗಿ ತಿಳಿಯುವುದಿಲ್ಲ. ಬರೋಕ್ ಯುಗದ ಹೊಸ್ತಿಲಲ್ಲಿ ಮೂಡಿದ ಈ ಚಿತ್ರ ನೋಡುಗನನ್ನೂ ತನ್ನೊಳಗೆ ಸೇರಿಸಿಕೊಂಡು, ಎಲ್ಲಿ ನಿಂತು ನೋಡಬೇಕೆಂಬುದನ್ನು ಕಲಿಸುತ್ತದೆ.

1600ರ ಹೊತ್ತಿಗೆ ಗೋಲ್ಟ್ಸಿಯಸನು ಉಳಿಯನ್ನು ಬದಿಗಿಟ್ಟು ವರ್ಣಚಿತ್ರಕಲೆಗೆ ತಿರುಗಿದನು. 1617ರ ಜನವರಿ 1ರಂದು ಹಾರ್ಲೆಮ್‌ನಲ್ಲಿ ನಿಧನನಾದನು. ಹರ್ಕ್ಯುಲಿಸನ ಚಿತ್ರ ಪ್ರಕಟವಾದದ್ದು ಅದೇ ವರ್ಷ, ಅವನ ಮರಣಾನಂತರ. ಅದರ ಮುಂದೆ ನಿಂತವರು ವೀರನ ಬೆನ್ನನ್ನು ನೋಡುವಾಗ, ಅದನ್ನು ಕೊರೆದ ಸುಟ್ಟ ಕೈಯನ್ನೂ ನೆನೆಯಬೇಕು.