ಗಣಕಯಂತ್ರಕ್ಕೆ ಸರದಿ ಕಲಿಸಿದ ಡೈಕ್‌ಸ್ಟ್ರಾ

ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ 1930ನೆಯ ಇಸವಿ ಮೇ 11ರಂದು ಎಡ್ಸ್‌ಗರ್ ಡೈಕ್‌ಸ್ಟ್ರಾ ಜನಿಸಿದರು. ತಂದೆ ರಸಾಯನಶಾಸ್ತ್ರದ ಅಧ್ಯಾಪಕರು. ತಾಯಿ ಗಣಿತವನ್ನು ಬಲ್ಲವರು. ನ್ಯಾಯಶಾಸ್ತ್ರವನ್ನು ಓದಿ ವಿಶ್ವಸಂಸ್ಥೆಯಲ್ಲಿ ಸ್ವದೇಶದ ಪ್ರತಿನಿಧಿಯಾಗಬೇಕೆಂಬುದು ಬಾಲಕನ ಆಸೆಯಾಗಿತ್ತು. ಆದರೆ ಶಾಲೆ ಮುಗಿದ ಬಳಿಕ ಅವರು ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಹಾಗೂ ಭೌತವಿಜ್ಞಾನಗಳ ವ್ಯಾಸಂಗಕ್ಕೆ ತೊಡಗಿದರು. 1951ರಲ್ಲಿ ಕೇಂಬ್ರಿಜ್‌ನಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ವಿದ್ಯೆಯನ್ನು ಕೆಲವು ವಾರ ಕಲಿತರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರವನ್ನು ಸೇರಿದರು. ಆ ಕಾಲದಲ್ಲಿ ಈ ವೃತ್ತಿಗೆ ಹೆಸರೇ ಇರಲಿಲ್ಲವೆನ್ನಬೇಕು. 1957ರಲ್ಲಿ ವಿವಾಹವನ್ನು ದಾಖಲಿಸುವಾಗ ಅವರು ತಮ್ಮನ್ನು ಕ್ರಮವಿಧಿಕಾರನೆಂದು ಹೇಳಿಕೊಂಡರೆ ಅಧಿಕಾರಿಗಳು ಅಂತಹ ಉದ್ಯೋಗವಿಲ್ಲವೆಂದು ಒಪ್ಪಲಿಲ್ಲ, ಭೌತವಿಜ್ಞಾನಿಯೆಂದು ಬರೆಸಬೇಕಾಯಿತು.

ಆಗ ಅವರ ಸಹೋದ್ಯೋಗಿಗಳು ಎಕ್ಸ್-1 ಎಂಬ ಹೊಸ ಯಂತ್ರವನ್ನು ರಚಿಸುತ್ತಿದ್ದರು. ಅಕ್ಷರಗಳನ್ನು ಮುದ್ರಿಸುವ ಸಾಧನವು ಗಣಕಕ್ಕಿಂತ ಬಹಳ ನಿಧಾನ. ಅದು ಮುಗಿಸುವತನಕ ಗಣಕವು ಕೈಕಟ್ಟಿ ಕಾಯುವುದು ವ್ಯರ್ಥ. ಆದುದರಿಂದ ಸಾಧನವು ತನ್ನ ಕೆಲಸ ಮುಗಿದೊಡನೆ ಗಣಕವನ್ನು ನಡುವೆಯೇ ತಡೆದು ಕರೆಯುವ ಏರ್ಪಾಡು ಸಿದ್ಧವಾಯಿತು. ಎಲ್ಲರಿಗೂ ಹಿಡಿಸಿದ ಈ ಉಪಾಯವು ಡೈಕ್‌ಸ್ಟ್ರಾ ಅವರಿಗೆ ಭಯ ಹುಟ್ಟಿಸಿತು. ಕರೆಯು ಯಾವ ಕ್ಷಣಕ್ಕೆ ಬಂದೀತೆಂದು ಯಾರೂ ಹೇಳಲಾರರು. ಒಂದು ಕ್ಷಣದಲ್ಲಿ ತಲೆದೋರಿದ ತಪ್ಪು ಸಾವಿರ ಬಾರಿ ಪರೀಕ್ಷಿಸಿದರೂ ಮತ್ತೆ ಕಾಣಿಸದಿರಬಹುದು. ಕಣ್ಣಿಗೆ ಬೀಳದ ತಪ್ಪನ್ನು ತಿದ್ದುವುದೆಂತು? ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ, ತರ್ಕದಿಂದಲೇ ಸರಿಯೆಂದು ಸಾಧಿಸಬೇಕು ಎಂಬ ನಿಲುವು ಅವರಲ್ಲಿ ಬಲಿಯಿತು. ಈ ಯಂತ್ರವನ್ನು ಕುರಿತ ಪ್ರಬಂಧಕ್ಕೆ 1959ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು.

1962ರಲ್ಲಿ ಅವರು ಐಂಡ್‌ಹೋವನ್ ನಗರದಲ್ಲಿ ಪ್ರಾಧ್ಯಾಪಕರಾದರು. ಒಂದೇ ಸ್ಮೃತಿಕೋಶವನ್ನು ಹಲವು ಕ್ರಮವಿಧಿಗಳು ಹಂಚಿಕೊಂಡಾಗ ಒಂದು ವೇಳೆಗೆ ಒಂದೇ ಅದನ್ನು ಮುಟ್ಟುವಂತೆ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಇಬ್ಬರು ಸ್ಪರ್ಧಿಗಳಿಗೆ ಡೆಕ್ಕರ್ ಎಂಬ ಡಚ್ ಗಣಿತಜ್ಞರು ಉತ್ತರ ಕಂಡಿದ್ದರು. ಎಷ್ಟು ಮಂದಿಗಾದರೂ ಸಲ್ಲುವ ಉತ್ತರವನ್ನು ಡೈಕ್‌ಸ್ಟ್ರಾ 1965ರಲ್ಲಿ ಕೇವಲ ಒಂದು ಪುಟದ ಲೇಖನದಲ್ಲಿ ಕೊಟ್ಟರು.

ಇದೇ ಕಾರ್ಯಕ್ಕೆ ಅವರು ಇನ್ನೂ ಸರಳವಾದ ಒಂದು ಸಾಧನವನ್ನು ಕಲ್ಪಿಸಿ, ರೈಲ್ವೆಯ ಕೈಮರದ ಹೆಸರನ್ನೇ ಅದಕ್ಕೆ ಇಟ್ಟರು: ಸೆಮಫೋರ್. ಮೈಸೂರು, ಕೃಷ್ಣರಾಜನಗರಗಳ ಕಡೆಯವರಿಗೆ ಒಂಟಿ ಹಳಿಯ ಮಾರ್ಗವು ಪರಿಚಿತವೇ. ಅಂತಹ ಮಾರ್ಗಗಳಲ್ಲಿ ಹಿಂದೆ ನಿಲ್ದಾಣದಿಂದ ಲೋಹದ ಗುಂಡೊಂದನ್ನು ಪಡೆಯದೆ ಚಾಲಕನು ಗಾಡಿಯನ್ನು ಮುಂದೆ ಬಿಡುತ್ತಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಅದನ್ನು ಒಪ್ಪಿಸಿದ ಮೇಲೆಯೇ ಮತ್ತೊಂದು ಗಾಡಿಗೆ ದಾರಿ. ಸೆಮಫೋರ್ ಸಹ ಅಂತಹುದೇ: ಪಡೆದವನು ಒಳಹೋಗುವನು, ಉಳಿದವರು ಕಾಯುವರು. ಇದನ್ನು ಬಳಸಿ ಅವರ ಚಿಕ್ಕ ತಂಡವು ಎಕ್ಸ್-8 ಯಂತ್ರಕ್ಕಾಗಿ ರಚಿಸಿದ ನಿರ್ವಹಣ ವ್ಯವಸ್ಥೆಯ ವಿವರ 1968ರಲ್ಲಿ ಪ್ರಕಟವಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ನಿರ್ವಹಣ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಅಲ್ಲಿ ಒಂದು ದತ್ತಾಂಶವನ್ನು ಎಷ್ಟು ಮಂದಿ ಬಳಸುತ್ತಿರುವರೆಂಬ ಎಣಿಕೆಯನ್ನು ಇಡುವುದುಂಟು. ಕೆಲಸ ಮುಗಿಸಿದವನು ಎಣಿಕೆಯಲ್ಲಿ ಒಂದನ್ನು ಕಳೆಯುತ್ತಾನೆ. ಎಣಿಕೆ ಸೊನ್ನೆಯಾದಾಗ ಆ ಜಾಗವು ಬೇರೆಯವರ ಪಾಲಾಗುತ್ತದೆ. ಎರಡು ಸಂಸ್ಕಾರಕಗಳು ಏಕಕಾಲಕ್ಕೆ ಎರಡು ಎಂಬ ಅಂಕಿಯನ್ನು ಓದಿ, ತಲಾ ಒಂದನ್ನು ಕಳೆದು, ಎರಡೂ ಒಂದು ಎಂದು ಬರೆದರೆ ಎಣಿಕೆ ಸೊನ್ನೆಯನ್ನು ಮುಟ್ಟುವುದೇ ಇಲ್ಲ. ಜಾಗವು ವೃಥಾ ಹಾಳು. ಇದಕ್ಕಿಂತ ಸೂಕ್ಷ್ಮವಾದ ಅಪಾಯವೂ ಇದೆ. ವೇಗದ ಆಸೆಗೆ ಇಂದಿನ ಸಂಸ್ಕಾರಕಗಳು ಮೊದಲು ಬರೆದುದನ್ನು ತಡವಾಗಿ, ಆಮೇಲೆ ಬರೆದುದನ್ನು ಬೇಗನೆ ಇತರರಿಗೆ ತೋರಿಸಬಲ್ಲವು. ದತ್ತಾಂಶಕ್ಕೆ ಮಾಡಿದ ಕೊನೆಯ ತಿದ್ದುಪಡಿಯು ಸ್ಮೃತಿಯನ್ನು ಸೇರುವ ಮುನ್ನವೇ ಎಣಿಕೆ ಇಳಿದಂತೆ ಕಂಡರೆ, ಜಾಗವು ಅನ್ಯರ ಪಾಲಾದ ಮೇಲೆ ಆ ಬರೆಹ ಅಲ್ಲಿ ಬಿದ್ದು ಅವರ ವಿಷಯವನ್ನು ಕೆಡಿಸೀತು. ಡೆಕ್ಕರ್ ಅವರ ವಿಧಾನವನ್ನು ಸಹ ಈ ಯಂತ್ರಗಳ ಮೇಲೆ ಹಾಗೆಯೇ ಓಡಿಸಿದರೆ ಇಬ್ಬರೂ ಒಳನುಗ್ಗುವ ಸಂಭವವುಂಟು. ಆದಕಾರಣ ಕ್ರಮವಿಧಿಕಾರರು ಬೇಕಾದೆಡೆಗಳಲ್ಲಿ ಕ್ರಮವನ್ನು ಕಾಯುವ ವಿಶೇಷ ಆಜ್ಞೆಗಳನ್ನು ಇಡುತ್ತಾರೆ.

ಡೈಕ್‌ಸ್ಟ್ರಾ ಅವರ ಲೇಖನದಲ್ಲಿ ಇಂತಹ ಆಜ್ಞೆಗಳಿಲ್ಲ. ಆದರೆ ಸ್ಮೃತಿಯ ಒಂದೊಂದು ಓದು, ಬರೆಹಗಳೂ ಅಖಂಡವಾದವು, ಏಕಕಾಲಕ್ಕೆ ಬಂದರೂ ಒಂದಾದ ಮೇಲೊಂದರಂತೆ ನಡೆಯುವುವು ಎಂಬ ತಮ್ಮ ಆಧಾರವನ್ನು ಅವರು ಮೊದಲೇ ಸ್ಪಷ್ಟಪಡಿಸಿದ್ದರು. ಆಧಾರವನ್ನು ಬಚ್ಚಿಡದ ಈ ಪ್ರಾಮಾಣಿಕತೆಯು ಉತ್ತರದಷ್ಟೇ ಬೆಲೆಯುಳ್ಳದ್ದು. ಯಂತ್ರಗಳು ಬದಲಾದಾಗ ಸಾಧನೆಯು ಎಲ್ಲಿ ಸಡಿಲಗೊಂಡಿತೆಂಬುದನ್ನು ಮುಂದಿನವರು ಅಲ್ಲಿಯೇ ಹುಡುಕಬಹುದಾಯಿತು.

1978ರಲ್ಲಿ ಲ್ಯಾಂಪೋರ್ಟ್ ಮೊದಲಾದ ನಾಲ್ವರೊಡಗೂಡಿ, ಕ್ರಮವಿಧಿಯು ಓಡುತ್ತಿರುವಾಗಲೇ ಬಳಕೆಯಿಲ್ಲದ ಸ್ಮೃತಿಯನ್ನು ಹೆಕ್ಕಿ ತೆಗೆಯುವ ವಿಧಾನವನ್ನು ಅವರು ಪ್ರಕಟಿಸಿದರು. 1984ರಿಂದ 1999ರವರೆಗೆ ಅಮೆರಿಕದ ಆಸ್ಟಿನ್ ನಗರದಲ್ಲಿ ಬೋಧಿಸಿದರು. ಗಣಕವಿಜ್ಞಾನದ ಈ ಮಹನೀಯರು ತಮ್ಮ ಟಿಪ್ಪಣಿಗಳನ್ನು ಹೆಚ್ಚಾಗಿ ಬರೆದುದು ಶಾಯಿಯ ಲೇಖನಿಯಿಂದ. ಕ್ರಮಸಂಖ್ಯೆ ಹೊತ್ತ ಆ ಹಸ್ತಪ್ರತಿಗಳು 1,300ಕ್ಕೂ ಮಿಕ್ಕಿ, ನಕಲುಗಳ ರೂಪದಲ್ಲಿ ಕೈಯಿಂದ ಕೈಗೆ ಹರಿದಾಡಿದುವು. 2002ನೆಯ ಇಸವಿ ಆಗಸ್ಟ್ 6ರಂದು ಅವರು ಹಾಲೆಂಡಿನ ನ್ಯೂನೆನ್ ಊರಿನ ತಮ್ಮ ಮನೆಯಲ್ಲಿ ನಿಧನರಾದರು. ಅನೇಕ ಗಣಕಗಳ ಸಹಕಾರವನ್ನು ಕುರಿತ ಉತ್ತಮ ಲೇಖನಗಳಿಗೆ ಸಲ್ಲುವ ಒಂದು ಪ್ರಶಸ್ತಿಗೆ 2003ರಲ್ಲಿ ಅವರ ಹೆಸರನ್ನಿಡಲಾಯಿತು.