ಶ್ರೀನಿವಾಸ ನಾಯಕರು ಪುರಂದರದಾಸರಾದ ಕಥೆ

ಪುಷ್ಯ ಮಾಸದ ಅಮಾವಾಸ್ಯೆ ಶ್ರೀ ಪುರಂದರದಾಸರ ಆರಾಧನೆಯ ದಿನ. ಅದು ಜನವರಿಯಲ್ಲೋ ಫೆಬ್ರವರಿಯಲ್ಲೋ ಬರುತ್ತದೆ. ಊರಿನಲ್ಲಿ ಚಳಿಗಾಲ, ಇಲ್ಲಿ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಸುಡುವ ಬೇಸಿಗೆ. ಆದರೂ ನಮ್ಮ ಮನೆಗಳಲ್ಲಿ ದಾಸರ ಪದ ಕೇಳದ ವಾರವಿಲ್ಲ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಮೊದಲು ಕಲಿಯುವುದೇ ದಾಸರು ಹಾಕಿಕೊಟ್ಟ ಪಾಠವನ್ನು. ಆದರೆ ಹುಟ್ಟಿನಿಂದ ಅವರು ಹಾಡುಗಾರರೂ ಅಲ್ಲ, ದಾಸರೂ ಅಲ್ಲ. ಜೀವನದ ಮೊದಲ ಭಾಗವನ್ನೆಲ್ಲ ಅಂಗಡಿಯಲ್ಲಿ, ಲೆಕ್ಕದ ಪುಸ್ತಕದ ಮುಂದೆ ಕಳೆದವರು. ನಡುವಯಸ್ಸಿನಲ್ಲಿ ಕಸುಬನ್ನೇ ಬದಲಾಯಿಸಿದರು. ಆ ಬದಲಾವಣೆಯ ಕಥೆಯನ್ನು ಇಲ್ಲಿ ನೆನಪಿಸಿಕೊಳ್ಳೋಣ.

ದಾಸರ ಕಾಲ 1484ರಿಂದ 1564 ಎಂದು ಸಂಪ್ರದಾಯದ ಲೆಕ್ಕ. ತಂದೆ ವರದಪ್ಪ ನಾಯಕರು ದೊಡ್ಡ ವ್ಯಾಪಾರಿ. ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತು ಹುಟ್ಟಿದ ಮಗನಿಗೆ ಶ್ರೀನಿವಾಸ ಎಂದು ಹೆಸರಿಟ್ಟರು. ಊರು ಯಾವುದು ಎಂಬ ಬಗ್ಗೆ ಎರಡು ಮಾತಿದೆ. ಪುಣೆಯ ಹತ್ತಿರದ ಪುರಂದರಗಡ ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಅಲ್ಲ, ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಊರು ಯಾವುದೇ ಆಗಿರಲಿ, ವ್ಯಾಪಾರದ ಬಗ್ಗೆ ಎರಡು ಮಾತಿಲ್ಲ. ಮುತ್ತು ರತ್ನಗಳ ವ್ಯವಹಾರ, ಒಡವೆ ಒತ್ತೆ ಇಟ್ಟುಕೊಂಡು ಬಡ್ಡಿಗೆ ಸಾಲ ಕೊಡುವ ವಹಿವಾಟು. ಜನ ಅವರನ್ನು ನವಕೋಟಿ ನಾರಾಯಣ ಎಂದು ಕರೆಯುತ್ತಿದ್ದರಂತೆ. ಸಂಸ್ಕೃತ, ಕನ್ನಡ, ಸಂಗೀತ ಎಲ್ಲವನ್ನೂ ಬಾಲ್ಯದಲ್ಲಿ ಕಲಿತಿದ್ದರೂ ಅಂಗಡಿಯ ಗದ್ದಲದಲ್ಲಿ ಅವೆಲ್ಲ ಮೂಲೆ ಸೇರಿದ್ದವು. ಕೈ ಬಹಳ ಬಿಗಿ ಎಂಬ ಕೆಟ್ಟ ಹೆಸರೂ ಇತ್ತು.

ಮುಂದಿನ ಕಥೆ ನಮ್ಮ ಅಜ್ಜಿಯಂದಿರು ಹೇಳಿದ್ದೇ. ಮಗನ ಉಪನಯನಕ್ಕೆ ಹಣ ಬೇಡಲು ಒಬ್ಬ ಬಡ ಬ್ರಾಹ್ಮಣ ಅಂಗಡಿಗೆ ಬಂದ. ನಾಳೆ ಬಾ, ನಾಡಿದ್ದು ಬಾ ಎಂದು ನಾಯಕರು ತಿಂಗಳುಗಟ್ಟಲೆ ಅಲೆಸಿದರು. ಕೊನೆಗೆ ಸವೆದ ನಾಣ್ಯಗಳ ರಾಶಿ ಸುರಿದು, ಒಂದನ್ನು ತೆಗೆದುಕೊಂಡು ಹೋಗು ಎಂದರು. ಬ್ರಾಹ್ಮಣ ನೊಂದು ನೇರವಾಗಿ ಅವರ ಮನೆಗೆ ಹೋದ. ಪತ್ನಿ ಸರಸ್ವತಿಬಾಯಿ ತವರುಮನೆಯವರು ಕೊಟ್ಟಿದ್ದ ಮೂಗುತಿಯನ್ನು ಬಿಚ್ಚಿ ಕೊಟ್ಟರು. ಆತ ಅದನ್ನು ತಂದು ನಾಯಕರ ಅಂಗಡಿಯಲ್ಲೇ ಒತ್ತೆ ಇಡಲು ನೋಡಿದ. ರತ್ನ ಪರೀಕ್ಷೆಯಲ್ಲಿ ಪಳಗಿದ ಕಣ್ಣು ಮೂಗುತಿಯನ್ನು ತಕ್ಷಣ ಗುರುತಿಸಿತು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದ ನಾಯಕರು, ಮೂಗುತಿ ಎಲ್ಲಿ ಎಂದು ಕೇಳಿದರು. ಹೇಳಲು ದಾರಿ ಕಾಣದೆ ಆಕೆ ವಿಷ ಕುಡಿಯಲು ಹೊರಟಾಗ ಬಟ್ಟಲೊಳಗೆ ಮೂಗುತಿ ಬಿದ್ದ ಸದ್ದಾಯಿತು. ನಾಯಕರು ಅಂಗಡಿಗೆ ಓಡಿ ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಬ್ರಾಹ್ಮಣನೂ ಇಲ್ಲ. ಬಂದವನು ಸಾಕ್ಷಾತ್ ಪಾಂಡುರಂಗ ಎಂಬುದು ಭಕ್ತರ ನಂಬಿಕೆ.

ಇದನ್ನು ಪವಾಡವೆಂದು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಥೆಯ ಒಳಗೆ ಒಂದು ವಿಷಯ ಸ್ಪಷ್ಟವಾಗಿದೆ. ಯಾವ ವಸ್ತುವಿಗೆ ಎಷ್ಟು ಬೆಲೆ ಎಂದು ನೋಡಿದೊಡನೆ ಹೇಳಬಲ್ಲ ಮನುಷ್ಯನಿಗೆ ಮನೆಯಲ್ಲಿದ್ದ ಹೆಂಡತಿಯ ಮನಸ್ಸಿನ ಬೆಲೆ ತಿಳಿದಿರಲಿಲ್ಲ. ಆ ದಿನ ತಿಳಿಯಿತು. ಇದ್ದದ್ದನ್ನೆಲ್ಲ ದಾನ ಮಾಡಿ ಹೆಂಡತಿ ಮಕ್ಕಳೊಂದಿಗೆ ಮನೆ ಬಿಟ್ಟು ಹೊರಟರು. ದಾರಿಯಲ್ಲಿ ಕಾಡು ಬಂದಾಗ ಪತ್ನಿಗೆ ಹೆದರಿಕೆಯಾಯಿತಂತೆ. ಏನಾದರೂ ಉಳಿಸಿಕೊಂಡು ಬಂದಿದ್ದೀಯಾ ಎಂದು ವಿಚಾರಿಸಿದರೆ ಒಂದು ಸಣ್ಣ ಚಿನ್ನದ ಪಾತ್ರೆ ಹೊರಬಂತು. ಅದನ್ನು ಎಸೆದ ಮೇಲೆ ಹೆದರಿಕೆಯೂ ಹೋಯಿತು ಎಂದು ಹೇಳುತ್ತಾರೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಅವರು ಸಂನ್ಯಾಸಿಯಾಗಲಿಲ್ಲ. ಸಂಸಾರ ಬಿಟ್ಟು ಕಾಷಾಯ ಉಡಲಿಲ್ಲ. ಕೊನೆಯವರೆಗೂ ಗೃಹಸ್ಥರಾಗಿಯೇ ಇದ್ದರು. ತಮ್ಮ ಕೈಗೆ ತಂಬೂರಿ ಬರಲು ಹೆಂಡತಿಯೇ ಕಾರಣ ಎಂದು ಕೃತಜ್ಞತೆ ಹೇಳುವ ಪದವನ್ನೂ ಹಾಡಿದ್ದಾರೆ. ಎರಡನೆಯದು, ಹಳೆಯದನ್ನು ಬಿಟ್ಟ ಮರುದಿನವೇ ಹೊಸದು ಸಿಗಲಿಲ್ಲ. ಮನೆ ಬಿಟ್ಟದ್ದು ಮೂವತ್ತರ ಆಸುಪಾಸಿನಲ್ಲಿ ಎಂದು ಕೆಲವು ಚರಿತ್ರೆಗಳು ಹೇಳುತ್ತವೆ. ವಿಜಯನಗರದಲ್ಲಿ ಶ್ರೀ ವ್ಯಾಸರಾಯರಿಂದ ದಾಸದೀಕ್ಷೆ ಪಡೆದದ್ದು 1525ರಲ್ಲಿ ಎಂದು ಪ್ರತೀತಿ. ಆಗ ಅವರಿಗೆ ನಲವತ್ತು ದಾಟಿತ್ತು. ಈ ಲೆಕ್ಕ ಹಿಡಿದರೆ ನಡುವೆ ಸುಮಾರು ಹತ್ತು ವರ್ಷ ಅಲೆದಾಟ. ಈ ಹತ್ತು ವರ್ಷಗಳ ಬಗ್ಗೆ ನಮ್ಮ ಹರಿಕಥೆಗಳು ಹೆಚ್ಚು ಮಾತಾಡುವುದಿಲ್ಲ. ಆದರೆ ಕೆಲಸ ಬದಲಾಯಿಸಿದ ಯಾರಿಗಾದರೂ ಅತ್ಯಂತ ಕಷ್ಟದ ಕಾಲ ಅದೇ ಎಂದು ಗೊತ್ತು.

ಆಗಿನ ವಿಜಯನಗರ ಶ್ರೀಕೃಷ್ಣದೇವರಾಯನ (1509-1529) ರಾಜಧಾನಿ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಬೀದಿಗಳಲ್ಲಿ ಮಾರುತ್ತಿದ್ದ ವಜ್ರ, ಮಾಣಿಕ್ಯ, ಮುತ್ತುಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ರತ್ನದ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಪೇಟೆ ಬೇರೆ ಇರಲಿಲ್ಲ. ಅದೇ ಪೇಟೆಯಲ್ಲಿ ನಾಯಕರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು, ಮನೆ ಮನೆಯ ಮುಂದೆ ಹಾಡುತ್ತಾ ನಡೆದರು. ಆ ದಿನಕ್ಕೆ ಬೇಕಾದ ಅಕ್ಕಿ ಮಾತ್ರ, ನಾಳೆಗೆ ಇಲ್ಲ. ಇದಕ್ಕೆ ಮಧುಕರ ವೃತ್ತಿ ಎಂದು ಹೆಸರು. ಅರಸನು ಪರೀಕ್ಷಿಸಲೆಂದು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಕೊಡಿಸಿದನೆಂದೂ, ಸರಸ್ವತಿಬಾಯಿ ಅವನ್ನು ಕಲ್ಲುಗಳೆಂದು ಆರಿಸಿ ಎಸೆದರೆಂದೂ ಒಂದು ಕಥೆಯಿದೆ.

ಗುರು ವ್ಯಾಸರಾಯರು ಸಾಮಾನ್ಯರಲ್ಲ. ನ್ಯಾಯಾಮೃತ, ತರ್ಕತಾಂಡವದಂಥ ಕಠಿಣ ಸಂಸ್ಕೃತ ಗ್ರಂಥಗಳನ್ನು ಬರೆದ ಮಹಾ ಪಂಡಿತರು. ಅಂಥವರು ಶಾಸ್ತ್ರ ಬಲ್ಲವರಿಗೆ ಮಾತ್ರ ತಿಳಿಯುವ ವಿಷಯ ಎಲ್ಲರಿಗೂ ತಿಳಿಯಬೇಕೆಂದು ಕನ್ನಡ ಪದಗಳಿಗೆ ಬೆಂಬಲ ಕೊಟ್ಟರು, ತಾವೂ ಹಾಡಿದರು. ಅವರೇ ಶಿಷ್ಯನಿಗೆ ಪುರಂದರವಿಠಲ ಎಂಬ ಅಂಕಿತ ಕೊಟ್ಟು, ದಾಸನೆಂದರೆ ಹೇಗಿರಬೇಕೆಂಬುದಕ್ಕೆ ಈತನೇ ಮಾದರಿ ಎಂದು ಹೊಗಳಿ ಪದ ಕಟ್ಟಿದರು. ಅದೇ ಕೂಟದಲ್ಲಿ ಕನಕದಾಸರೂ ಇದ್ದರು. ಅವರೂ ನಡುವಯಸ್ಸಿನಲ್ಲಿ ಕತ್ತಿ ಕೆಳಗಿಟ್ಟು ಬಂದ ನಾಯಕರೇ ಎಂಬುದು ಸ್ವಾರಸ್ಯದ ವಿಷಯ.

ಹಾಗಾದರೆ ಮೊದಲಿನ ವರ್ಷಗಳೆಲ್ಲ ವ್ಯರ್ಥವಾದವೇ? ದಾಸರ ಪದಗಳನ್ನು ಗಮನವಿಟ್ಟು ಕೇಳಿದರೆ ಹಾಗನ್ನಿಸುವುದಿಲ್ಲ. ಅವುಗಳಲ್ಲಿ ತೂಕ, ಬಡ್ಡಿ, ಲಾಭ, ನಷ್ಟ ಎಲ್ಲ ಬರುತ್ತವೆ. ಸಂತೆಯಲ್ಲಿ ಕಲ್ಲುಸಕ್ಕರೆ ಮಾರುವವನಂತೆ ದೇವರ ನಾಮವನ್ನು ಕೂಗಿ ಮಾರುವ ಪದವಂತೂ ಎಲ್ಲರಿಗೂ ಗೊತ್ತು. ಒಳಗೊಂದು ಹೊರಗೊಂದು ಇರುವವರ ಡಂಭವನ್ನು ಅವರು ಅಷ್ಟು ಚೆನ್ನಾಗಿ ಗುರುತಿಸಿದ್ದು, ಖೋಟಾ ನಾಣ್ಯ ಗುರುತಿಸಿ ಪಳಗಿದ್ದರಿಂದಲೇ ಇರಬೇಕು.

ಸಂಗೀತ ಪಾಠದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಕ್ರಮವನ್ನು ಹಾಕಿಕೊಟ್ಟವರು ದಾಸರು ಎಂದು ಸಂಗೀತಗಾರರು ಒಪ್ಪುತ್ತಾರೆ. ಮೊದಲ ಪಾಠಕ್ಕೆ ಆರಿಸಿದ್ದು ಮಾಯಾಮಾಳವಗೌಳ ರಾಗ. ಮನೆಯಲ್ಲಿ ಕೀಬೋರ್ಡ್ ಇದ್ದರೆ ನುಡಿಸಿ ನೋಡಿ. ಸ ರಿ ಗ ಮ ನಡುವಿನ ಅಂತರ ಒಂದು, ಮೂರು, ಒಂದು. ಪ ದ ನಿ ಸ ನಡುವಿನ ಅಂತರವೂ ಒಂದು, ಮೂರು, ಒಂದು. ಕೆಳಗಿನ ಅರ್ಧ ಕಲಿತ ಮಗುವಿಗೆ ಮೇಲಿನ ಅರ್ಧ ತಾನಾಗಿ ಒಲಿಯುತ್ತದೆ. ಆಮೇಲೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಲ್ಲಿ ಅಲಂಕಾರಗಳು. ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಇದು ಬಹಳ ಅಚ್ಚುಕಟ್ಟಾದ ವಿನ್ಯಾಸವಾಗಿ ಕಾಣುತ್ತದೆ. ಸುಮಾರು 500 ವರ್ಷಗಳಲ್ಲಿ ಇದರ ಅಡಿಪಾಯವನ್ನು ಯಾರೂ ಬದಲಾಯಿಸಬೇಕಾಗಿ ಬಂದಿಲ್ಲ. ಕರ್ನಾಟಕ ಸಂಗೀತ ಪಿತಾಮಹ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ತ್ಯಾಗರಾಜರೂ ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ದಾಸರನ್ನು ಸ್ಮರಿಸಿದ್ದಾರೆ.

ದಾಸರು 4,75,000 ಪದಗಳನ್ನು ರಚಿಸಿದರೆಂದು ಪ್ರತೀತಿ. ಇಂದು ನಮಗೆ ಉಳಿದಿರುವುದು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಅವರು ಹರಿಪಾದ ಸೇರಿದ್ದು 1564ರಲ್ಲಿ, ಹಂಪೆಯಲ್ಲಿ. ಮರುವರ್ಷ, 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧ ನಡೆದು ವಿಜಯನಗರ ಹಾಳಾಯಿತು. ರತ್ನದ ಅಂಗಡಿಗಳು ಹೋದವು, ಅರಮನೆಗಳು ಹೋದವು. ಪದಗಳು ಮಾತ್ರ ಭಿಕ್ಷೆಯವರ, ಹೆಂಗಸರ, ಮಕ್ಕಳ ಬಾಯಲ್ಲಿ ಉಳಿದುಕೊಂಡವು. ಒಂದೂವರೆ ಶತಮಾನದ ನಂತರ ವಿಜಯದಾಸರು ಪುರಂದರದಾಸರನ್ನೇ ಗುರುವೆಂದು ಭಾವಿಸಿ ಪರಂಪರೆಗೆ ಮತ್ತೆ ಜೀವ ತುಂಬಿದರು. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಮುದ್ರಿಸಿದರು. 1964ರಲ್ಲಿ ಭಾರತ ಸರ್ಕಾರ ದಾಸರ ಹೆಸರಿನಲ್ಲಿ ಅಂಚೆ ಚೀಟಿ ತಂದಿತು. ಹಂಪೆಗೆ ಹೋದವರು ವಿಜಯವಿಠಲ ದೇವಸ್ಥಾನದ ಹತ್ತಿರ, ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪವನ್ನು ನೋಡಿರುತ್ತೀರಿ. ಹೊಳೆ ತುಂಬಿದಾಗ ಅದು ನೀರಿನಲ್ಲಿ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣುತ್ತದೆ.

ನಮ್ಮಲ್ಲಿ ಅನೇಕರು ಊರಿನಲ್ಲಿ ಓದಿ, ಇಲ್ಲಿಗೆ ಬಂದು, ಮನೆ ಸಾಲ ತೀರಿಸುತ್ತಾ ನಲವತ್ತರ ಹತ್ತಿರ ಬಂದಿದ್ದೇವೆ. ಇದೇ ಕೆಲಸವನ್ನು ಇನ್ನು ಇಪ್ಪತ್ತು ವರ್ಷ ಮಾಡುವುದೇ ಎಂಬ ಪ್ರಶ್ನೆ ಎಷ್ಟೋ ಜನರಿಗೆ ಬರುತ್ತದೆ. ಎಲ್ಲವನ್ನೂ ದಾನ ಮಾಡಿ ತಂಬೂರಿ ಹಿಡಿಯಿರಿ ಎಂದು ದಾಸರ ಜೀವನ ನಮಗೆ ಹೇಳುತ್ತಿಲ್ಲ. ಈಜಬೇಕು, ಇದ್ದು ಜಯಿಸಬೇಕು ಎಂದು ಬೋಧಿಸಿದವರು ಅವರು. ಆದರೆ ಬದಲಾಗುವುದಾದರೆ ಮನೆಯವರ ಮನಸ್ಸನ್ನು ಜೊತೆಗಿಟ್ಟುಕೊಂಡು ಬದಲಾಗಬೇಕು, ನಡುವಿನ ಖಾಲಿ ವರ್ಷಗಳಿಗೆ ಹೆದರಬಾರದು, ಕಲಿತ ಹಳೆಯ ವಿದ್ಯೆಯನ್ನು ಕೀಳೆಂದು ಎಸೆಯಬಾರದು ಎಂಬುದಕ್ಕೆ ಅವರ ಜೀವನವೇ ಸಾಕ್ಷಿ. ಬದಲಾಗದೆ ಇದ್ದಲ್ಲೇ ಇರುವವರಿಗೂ ಒಂದು ಮಾತಿದೆ. ಅಂಗಡಿಗೆ ಬಂದವನನ್ನು ನಾಳೆ ಬಾ ಎಂದು ಅಲೆಸದಿದ್ದರೆ ಅದೂ ದೊಡ್ಡ ಬದಲಾವಣೆಯೇ.

ಮುಂದಿನ ಆರಾಧನೆಯ ದಿನ ಮಕ್ಕಳಿಂದ ಒಂದು ದಾಸರ ಪದ ಹಾಡಿಸಿ. ಹಾಡು ಬಾರದಿದ್ದರೆ ಒಂದು ಸರಳೆ ವರಸೆಯೇ ಸಾಕು. ಅದೂ ದಾಸರದೇ. ಶ್ರೀ ಪುರಂದರ ಗುರುಗಳಿಗೆ ನಮೋ ನಮಃ.